ಅತ್ತಿಮರದ ಸುತ್ತ

ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ ಭೀಮೆಗೆ ಅಮರಜೆ ಸೇರುವ ಸಂಗಮವಿದೆ. ಅಲ್ಲೊಂದು ಔದುಂಬರ ವೃಕ್ಷ. ಹೆಸರು ದೊಡ್ಡದಾದರೂ ಅದು ನಮ್ಮ ಅತ್ತಿಮರವೇ. ಅದರಡಿ ಗುರುಚರಿತ್ರೆಯ ಪಾರಾಯಣಕ್ಕೆ ಕೂತವರು ಕೂತೇ ಇರುತ್ತಾರೆ, ಸುತ್ತುವವರು ಸುತ್ತುತ್ತಲೇ ಇರುತ್ತಾರೆ. ನಾನು ಸುತ್ತುವವರ ಪೈಕಿ. ನನಗೆ ಊರಿಗೆ ವರ್ಗ ಬೇಕಿತ್ತು, ಅವ್ವ ನನ್ನ ಪರವಾಗಿ 108 ಪ್ರದಕ್ಷಿಣೆ ಬೇಡಿಕೊಂಡಿದ್ದಳು. ಹರಕೆ ಅವಳದು, ಕಾಲು ನನ್ನವು.

ಲೆಕ್ಕ ತಪ್ಪಬಾರದೆಂದು ಅವಳು 108 ಶೇಂಗಾಕಾಳು ಎಣಿಸಿ ಪುಟ್ಟ ಚೀಲದಲ್ಲಿ ಹಾಕಿಕೊಟ್ಟಿದ್ದಳು. ಸುತ್ತಿಗೊಂದು ಕಾಳು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ನಾನು ಪ್ರಾರ್ಥನೆ ಮಾಡುವ ರೀತಿಗೆ ಇದು ಸರಿಯಾಗಿ ಹೊಂದುತ್ತಿತ್ತು. ಮನೆಯಲ್ಲಿ ಅಷ್ಟೋತ್ತರ ಹೇಳುವಾಗಲೂ ನನ್ನದು ಹಾಜರಿ ಕೂಗಿದ ಹಾಗೆಯೇ. ನೂರೆಂಟೂ ಹೆಸರು ದೇವರ ಹೊಗಳಿಕೆ. ಆದರೆ ಯಾವ ಕೆಲಸಕ್ಕೆ ಯಾವ ಹೊಗಳಿಕೆ ಎಂದು ನಿಂತು ನೋಡಿದವನಲ್ಲ ನಾನು. ಕೊನೆಯ ನಮಃ ಮುಗಿದ ಕೂಡಲೇ ಅರ್ಜಿ ಮುಂದಿಡುತ್ತಿದ್ದೆ.

ಮೂವತ್ತು ದಾಟಿರಬೇಕು, ಕಾಲಡಿ ಒಂದು ಹಣ್ಣು ಒಡೆಯಿತು. ಅತ್ತಿಗೆ ಕಾಂಡಕ್ಕೇ ಗೊಂಚಲು ಗೊಂಚಲು ಕಾಯಿ, ಕಳಿತದ್ದು ಬುಡದಲ್ಲೇ ಬೀಳುತ್ತದೆ. ಒಳಗೆ ಎಂದಿನಂತೆ ಹುಳ. ಮೇಲೆ ಕೆಂಪು, ಒಳಗೆ ಹುಳ ಎಂದು ಕಪಟಿಗಳನ್ನು ಇದಕ್ಕೇ ಹೋಲಿಸುವ ರೂಢಿ ನಮ್ಮದು. ಅದು ಅನ್ಯಾಯದ ಮಾತು. ಯಾವಾಗಲೋ ಓದಿದ್ದೆಲ್ಲ ನೆನಪಾಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತೆ.

ಅತ್ತಿಯ ಹೂ ಕಂಡವರಿಲ್ಲ ಎನ್ನುತ್ತಾರೆ. ಹೂವಿಲ್ಲದೆ ಹಣ್ಣು ಕೊಡುವ ಮರಕ್ಕೆ ‘ವನಸ್ಪತಿ’ ಎಂದು ಹಿಂದಿನವರು ಹೆಸರಿಟ್ಟರು. ಆ ಹೆಸರು ಮುಂದೆ ಡಾಲ್ಡಾ ಡಬ್ಬಿಗೆ ಹೋದದ್ದು ಬೇರೆ ಕಥೆ. ನಿಜವಾಗಿ ಹೂ ಇದೆ, ಸಾವಿರಾರಿದೆ, ಎಲ್ಲ ಕಾಯಿಯ ಒಳಗಡೆ. ದುಂಬಿ ಒಳಹೋಗಲಾರದು, ಗಾಳಿಯೂ ಹೋಗಲಾರದು. ಹೋಗುವುದು ಎರಡು ಮಿಲಿಮೀಟರಿನಷ್ಟು ಉದ್ದದ ಒಂದು ಕಣಜ. ಪರಿಮಳದ ಜಾಡು ಹಿಡಿದು ಬಂದ ಹೆಣ್ಣು ಕಾಯಿಯ ತುದಿಯ ಬಿಗಿದ ಕಂಡಿಯಲ್ಲಿ ನುಸುಳುತ್ತದೆ. ಆ ಇಕ್ಕಟ್ಟಿನಲ್ಲಿ ಅದರ ರೆಕ್ಕೆ ಹರಿದುಹೋಗುತ್ತದೆ. ಮತ್ತೆ ಹೊರಬರುವ ಮಾತಿಲ್ಲ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳು ಬೆಳೆದ ಮೇಲೆ ಆ ಹೂಗಳಿಂದ ಮೊದಲು ಹೊರಬೀಳುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಟ್ಟು ಮುಗಿಯುತ್ತವೆ. ಎದೆಯ ಪುಟ್ಟ ಚೀಲಗಳಲ್ಲಿ ಪರಾಗ ತುಂಬಿಕೊಂಡ ಹೆಣ್ಣುಮಕ್ಕಳು ಆ ದಾರಿಯಲ್ಲಿ ಹಾರಿಹೋಗಿ, ಒಂದೆರಡು ದಿನದ ಆಯುಸ್ಸಿನಲ್ಲಿ ಹದಕ್ಕೆ ಬಂದ ಇನ್ನೊಂದು ಅತ್ತಿಕಾಯಿ ಹುಡುಕಬೇಕು. ಆಲ, ಅರಳಿ, ಅತ್ತಿ ಎಲ್ಲ ಸೇರಿ ಈ ಕುಲದಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚುಕಡಿಮೆ ಒಂದೊಂದಕ್ಕೂ ಅದರದೇ ಕಣಜ. ಈ ಒಪ್ಪಂದಕ್ಕೆ 7–8 ಕೋಟಿ ವರ್ಷ.

ಸುತ್ತುತ್ತಿದ್ದವರು ನನ್ನನ್ನು ಬಳಸಿ ಹೋಗುತ್ತಿದ್ದರು. ವರ್ಗದ ವಿಷಯ ತಲೆಯಿಂದ ಹೋಗಿತ್ತು. ಕೈ ಮುಗಿದಿರಲಿಲ್ಲ, ಬಾಯಲ್ಲಿ ಮಂತ್ರವಿರಲಿಲ್ಲ, ಆದರೂ ಎಷ್ಟೋ ವರ್ಷದ ಮೇಲೆ ಮೊದಲ ಸಲ ದೇವರ ಮುಂದೆ ಇದ್ದೇನೆ ಅನ್ನಿಸಿತು. ಇದೆಲ್ಲ ದೇವರ ಕೆಲಸವಲ್ಲ, ವಿಕಾಸ ಎನ್ನುವ ಗೆಳೆಯರಿದ್ದಾರೆ. ಇರಲಿ. ಅಡುಗೆಯ ವಿಧಾನ ತಿಳಿಯಿತೆಂದು ಬಡಿಸಿದವರಿಗೆ ಕೈ ಮುಗಿಯಬಾರದೆಂದೇನೂ ಇಲ್ಲ.

“ಏನ್ ನೋಡ್ಲಿಕತ್ತೀಯೋ ಅಲ್ಲಿ?” ಅವ್ವ ಬಂದು ನಿಂತಿದ್ದಳು.

ಹಣ್ಣು ತೋರಿಸಿ ಎಲ್ಲ ಹೇಳಿದೆ. ದೇವರ ಮಹಿಮೆ ಎಂದು ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಣ್ಣನ್ನೇ ನೋಡುತ್ತ, “ಪಾಪ, ಬಾಣಂತನ ಮಾಡ್ಲಿಕ್ಕೂ ಯಾರಿಲ್ಲಲ್ಲೋ ಅದಕ್ಕ” ಅಂದಳು. ನಾನು ಹೊಗಳುವ ಭರದಲ್ಲಿ ಸತ್ತ ತಾಯಿಯನ್ನು ದಾಟಿ ಬಂದಿದ್ದೆ. ಅವಳು ಅಲ್ಲೇ ನಿಂತಿದ್ದಳು.

ಆಮೇಲೆ ಲೆಕ್ಕ ಕೇಳಿದಳು. ಜೇಬಿಗೆ ಕೈ ಹಾಕಿದರೆ ಐದೋ ಆರೋ ಕಾಳು. ಕೂತಲ್ಲೇ ಒಂದೊಂದಾಗಿ ಬಾಯಿಗೆ ಹಾಕಿಕೊಂಡಿದ್ದೆ. ಚೀಲವೂ ಅರ್ಧ ಖಾಲಿ.

“ತಿಂದು ಬಿಟ್ಟೀ? ಹಾಕು ಮತ್ತ, ಒಂದರಿಂದ.”

ಒಂದರಿಂದ ಹಾಕಿದೆ. ಈ ಸಲ ಅವಳೂ ಬೆನ್ನಿಗೆ ಬಂದಳು. ಮಂಡಿನೋವಿನ ಕಾಲನ್ನು ಎಳೆದೆಳೆದು, ಬಿದ್ದ ಹಣ್ಣು ತುಳಿಯದಂತೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದಳು. ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ವರ್ಗ ಮಾತ್ರ ಆ ವರ್ಷ ಆಗಲಿಲ್ಲ.