ನೂಲಿನ ನಂಟು, ಮೈತ್ರಿಯ ಗಂಟು

ನಮ್ಮ ಕರಾವಳಿಯಲ್ಲಿ ಶ್ರಾವಣ ಮಾಸದ ಪೌರ್ಣಿಮೆಯನ್ನು ನೂಲ ಹುಣ್ಣಿಮೆ ಎಂದು ಕರೆಯುವುದು ರೂಢಿ. ಜೈನರಾದ ನಮಗೆ ಅದು ವಿಷ್ಣುಕುಮಾರ ಮುನಿಗಳ ಸ್ಮರಣೆಯ ದಿನವೂ ಹೌದು. ಹಸ್ತಿನಾಪುರದಲ್ಲಿ ಅಕಂಪನಾಚಾರ್ಯರ ಸಂಘದ 700 ಮುನಿಗಳಿಗೆ ಬಲಿ ಮಂತ್ರಿಯು ಘೋರ ಉಪಸರ್ಗವನ್ನೊಡ್ಡಿದಾಗ, ವಿಕ್ರಿಯಾ ಋದ್ಧಿಯನ್ನು ಪಡೆದಿದ್ದ ವಿಷ್ಣುಕುಮಾರರು ವಾಮನರೂಪದಿಂದ ಬಂದು, ಮೂರು ಹೆಜ್ಜೆ ನೆಲವನ್ನು ಬೇಡಿ, ಆ ಸಂಘವನ್ನು ರಕ್ಷಿಸಿದರು. ಅದಕ್ಕಾಗಿ ಅವರು ತಮ್ಮ ಮುನಿಪದವನ್ನೇ ಕೆಲಕಾಲ ತೊರೆದರು. ಕಾರ್ಯ ಮುಗಿದ ಬಳಿಕ ಪ್ರಾಯಶ್ಚಿತ್ತ ಮಾಡಿಕೊಂಡು ಪುನಃ ದೀಕ್ಷೆ ಪಡೆದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಾತ್ಸಲ್ಯಾಂಗಕ್ಕೆ ನಿದರ್ಶನವಾಗಿ ಹೆಸರಿಸಿರುವುದು ಇವರನ್ನೇ. ನಾವು ಕಟ್ಟುವ ರಕ್ಷೆಯ ಹಿಂದೆ ಇರುವುದು ಉಡುಗೊರೆಯ ಲೆಕ್ಕವಲ್ಲ, ತನ್ನದೆಂಬುದನ್ನು ಬಿಟ್ಟುಕೊಟ್ಟ ವಾತ್ಸಲ್ಯ.

ಈಗ ಇದೇ ದಿನಗಳಲ್ಲಿ ಇನ್ನೊಂದು ನೂಲಿನ ಹಬ್ಬವೂ ಬರುತ್ತದೆ. ವಿಶ್ವಸಂಸ್ಥೆಯು 2011ರಲ್ಲಿ ಜುಲೈ 30ನ್ನು ಅಂತರರಾಷ್ಟ್ರೀಯ ಸ್ನೇಹದಿನವೆಂದು ಸಾರಿತು. ನಮ್ಮ ದೇಶದ ಮಕ್ಕಳು ಆಗಸ್ಟ್ ತಿಂಗಳ ಮೊದಲ ಭಾನುವಾರ ಅದನ್ನು ಆಚರಿಸಿ, ಅಂಗಡಿಯಿಂದ ತಂದ ಪಟ್ಟಿಗಳನ್ನು ಪರಸ್ಪರ ಕೈಗೆ ಕಟ್ಟುತ್ತಾರೆ. ಪರದೇಶದ ಪದ್ಧತಿಯೆಂದು ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಯಾರ ಕೈಯಲ್ಲಿ ಎಷ್ಟು ಪಟ್ಟಿಗಳಿವೆ ಎಂದು ಮಕ್ಕಳು ಎಣಿಸತೊಡಗಿದಾಗ, ಒಂದೂ ದೊರೆಯದ ಮಗುವಿನ ಮುಖವನ್ನು ಯಾರು ನೋಡುತ್ತಾರೆ? ಸ್ನೇಹವೂ ಪರಿಗ್ರಹವಾಗಬಲ್ಲುದು.

ಪುತ್ತೂರು ತಾಲೂಕಿನ ಕೆದಂಬಾಡಿಯಲ್ಲಿ, ಅಡಿಕೆ ತೋಟಗಳ ನಡುವಿನ ನಮ್ಮ ಮನೆಯ ಜಗಲಿಯಲ್ಲಿ ಮಳೆಗಾಲದ ರಜಾದಿನಗಳಲ್ಲಿ ಸುತ್ತಲಿನ ಮಕ್ಕಳು ಸೇರುತ್ತಾರೆ. ಅವರಿಗೆ ನಾನು ವಿಧಿಸಿರುವ ನಿಯಮ ಎರಡೇ: ಕೊಡುವ ದಾರವನ್ನು ಕೈಯಿಂದಲೇ ಮಾಡಬೇಕು, ಮತ್ತು ಒಂದು ಹಬ್ಬಕ್ಕೆ ಒಂದನ್ನೇ ಮಾಡಬೇಕು. ಒಂದನ್ನೇ ಮಾಡುವಾಗ ಯಾರಿಗಾಗಿ ಎಂಬ ವಿಚಾರ ಮೊದಲೇ ಹುಟ್ಟುತ್ತದೆ.

ಹೊಸಬರಿಗೆ ಮೊದಲ ಪಾಠ ಹೊಸೆದ ದಾರ. ಒಂದೊಂದು ಗಜ ಉದ್ದದ ಎರಡು ಬಣ್ಣದ ಹತ್ತಿಯ ದಾರಗಳನ್ನು ಜೋಡಿಸಿ ಎರಡು ತುದಿಗಳಲ್ಲೂ ಗಂಟು ಹಾಕಬೇಕು. ಒಂದು ತುದಿಯನ್ನು ಕಂಬದ ಮೊಳೆಗೆ ಸಿಕ್ಕಿಸಿ, ಇನ್ನೊಂದನ್ನು ಒಂದೇ ದಿಕ್ಕಿಗೆ ತಿರುಚುತ್ತ ಹೋಗಬೇಕು. ಸಡಿಲಬಿಟ್ಟರೆ ತಾನೇ ಮುರುಟುವಷ್ಟಾದಾಗ ನಡುವನ್ನು ಹಿಡಿದು, ಎರಡು ತುದಿಗಳನ್ನು ಸೇರಿಸಿ ಮೆಲ್ಲಗೆ ಬಿಟ್ಟರೆ, ಅರ್ಧ ಭಾಗವು ಇನ್ನರ್ಧಕ್ಕೆ ತಾನಾಗಿ ಸುತ್ತಿಕೊಳ್ಳುತ್ತದೆ. ಒಂಟಿಯಾಗಿ ತಿರುಚಿದ ದಾರ ಕೈಬಿಟ್ಟೊಡನೆ ಬಿಚ್ಚಿಹೋಗುತ್ತದೆ, ಮಡಿಚಿದ್ದು ನಿಲ್ಲುತ್ತದೆ. ಒಂದರ ಬಿಚ್ಚಿಕೊಳ್ಳುವ ಸೆಳೆತವನ್ನು ಇನ್ನೊಂದು ತಡೆಯುವುದೇ ಇದರ ಕಾರಣ. ತೆಂಗಿನ ನಾರಿನ ಹಗ್ಗ ಹೊಸೆಯುವವರಿಗೆ ಇದು ತಿಳಿದ ಮಾತೇ.

ಎರಡನೆಯದು ಮೂರೆಳೆಯ ಜಡೆ. ತಲೆ ಬಾಚಿಸಿಕೊಂಡ ಹುಡುಗಿಯರಿಗೆ ಅದನ್ನು ಹೇಳಿಕೊಡಬೇಕಾದುದಿಲ್ಲ, ಹುಡುಗರಿಗೆ ಅವರೇ ಕಲಿಸುತ್ತಾರೆ. ಮೂರನೆಯದು ಗಂಟಿನ ಪಟ್ಟಿ. ನಾಲ್ಕು ಬಣ್ಣಗಳ ಕಸೂತಿ ದಾರವನ್ನು ಎರಡೆರಡು ಮೊಳ ಕತ್ತರಿಸಿ, ಮೇಲೆ ನಾಲ್ಕು ಬೆರಳು ಬಿಟ್ಟು ಗಂಟು ಹಾಕಿ, ಪಿನ್ನಿನಿಂದ ದಿಂಬಿಗೆ ಚುಚ್ಚಬೇಕು. ಎಡಗಡೆಯ ಮೊದಲ ಎಳೆಯನ್ನು ಎರಡನೆಯದರ ಮೇಲೆ ಹಾಯಿಸಿ, ಅಡಿಯಿಂದ ತಂದು, ಉಂಟಾದ ಕುಣಿಕೆಯಲ್ಲಿ ತೂರಿಸಿ ಮೇಲಕ್ಕೆ ಎಳೆಯಬೇಕು. ಆಗ ಎರಡನೆಯ ಎಳೆ ನೇರವಾಗಿ ಬಿಗಿದಿರಬೇಕು. ಹೀಗೆ ಎರಡು ಗಂಟು. ಅದೇ ಎಳೆಯಿಂದ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಎರಡೆರಡು ಗಂಟು ಹಾಕಿದರೆ ಅದು ಬಲತುದಿಗೆ ಸೇರಿ, ಓರೆಯಾದ ಒಂದು ಪಟ್ಟೆ ಮೂಡುತ್ತದೆ. ಎಡದಲ್ಲಿ ಈಗ ಹೊಸ ಬಣ್ಣ. ಕೆಲಸ ಮತ್ತೆ ಮೊದಲಿನಿಂದ. ಇಲ್ಲಿ ಗಂಟು ಹಾಕುವ ಎಳೆ ಮಾತ್ರ ಕಾಣುತ್ತದೆ, ಅದನ್ನು ಹೊರುವ ಎಳೆ ಅಡಗಿರುತ್ತದೆ. ಆದರೆ ಪ್ರತಿಯೊಂದು ಎಳೆಗೂ ಕಾಣುವ ಸರದಿ ಇದೆ, ಹೊರುವ ಸರದಿಯೂ ಇದೆ. ಸಂಸಾರಕ್ಕೂ ಸಂಘಕ್ಕೂ ಈ ಮಾತು ಸಲ್ಲುವುದೆಂದು ಬಗೆದಿದ್ದೇನೆ.

ಹತ್ತಿಯನ್ನೇ ಒತ್ತಿಹೇಳಲು ಕಾರಣವಿದೆ. ಕರ್ನಾಟಕವು ದೇಶದಲ್ಲಿಯೇ ಅತ್ಯಧಿಕ ರೇಷ್ಮೆ ಬೆಳೆಯುವ ರಾಜ್ಯ. ಗೂಡನ್ನು ಚಿಟ್ಟೆ ತೂತು ಮಾಡಿ ಹೊರಬಂದರೆ ನೂರಾರು ಮೀಟರ್ ಉದ್ದದ ಅಖಂಡ ಎಳೆ ತುಂಡಾಗುವುದರಿಂದ, ಅದಕ್ಕೆ ಮೊದಲೇ ಒಳಗಿನ ಜೀವವನ್ನು ಶಾಖದಿಂದ ಕೊಲ್ಲಲಾಗುತ್ತದೆ. ರಕ್ಷೆಯೆಂಬ ಹೆಸರಿನ ದಾರಕ್ಕೆ ಇಷ್ಟು ಜೀವಗಳ ಅರಕ್ಷಣೆ ಒಪ್ಪುವ ಮಾತಲ್ಲ.

ಕಳೆದ ಶ್ರಾವಣದಲ್ಲಿ ಒಬ್ಬ ಹುಡುಗಿ ತನ್ನ ಪಟ್ಟಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಆಮೇಲೆ ಕೇಳಿದಳು: “ಅಜ್ಜಿ, ತೋಡಿನ ಆಚೆಯ ಮನೆಯವಳಿಗೆ ಕೊಡಬಹುದಾ? ನಮಗೂ ಅವರಿಗೂ ಮಾತಿಲ್ಲ.” ತೋಡಿನ ನೀರಿನ ವಿಷಯದಲ್ಲಿ ಆ ಎರಡು ಮನೆಗಳ ಹಿರಿಯರಿಗೆ ವೈಮನಸ್ಯವಿರುವುದು ನನಗೆ ತಿಳಿದಿತ್ತು. ಹಿರಿಯರಿಗೆ ತಿಳಿಯದಂತೆ ಕೊಡು ಎಂದರೆ ಮಗುವಿಗೆ ಕಪಟವನ್ನು ಕಲಿಸಿದಂತೆ. ಬೇಡವೆಂದರೆ ವೈರವನ್ನು ಕಲಿಸಿದಂತೆ. “ಅಮ್ಮನಿಗೆ ಹೇಳಿ ಕೊಡು ಮಗಾ. ಕೊಡುವುದಷ್ಟೇ ನಿನ್ನದು, ಕಟ್ಟಿಕೊಳ್ಳುವುದು ಬಿಡುವುದು ಅವಳಿಷ್ಟ” ಎಂದೆ.

ತಾಯಿ ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲವಂತೆ. ಹುಡುಗಿ ಕೊಟ್ಟಳು. ಆಚೆಯ ಮನೆಯವಳು ಅದನ್ನು ಕೈಗೆ ಕಟ್ಟಿಕೊಳ್ಳದೆ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಇವಳಿಗೆ ಮೊದಲು ಅಳು ಬಂತು. “ಅವಳು ವಾಪಸು ಏನೂ ಕೊಡಲಿಲ್ಲ” ಎಂದಳು. ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ಮಾಡಿದ ವ್ರತಕ್ಕೆ ಫಲವನ್ನು ಬಯಸುವುದು. ಮಗುವಿಗೆ ಆ ಶಬ್ದವನ್ನು ನಾನು ಹೇಳಲಿಲ್ಲ. ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಈ ಎಣಿಕೆಯೂ ಒಳಗೇ ನೋಯಿಸುತ್ತದೆ, ತೆಗೆದುಬಿಟ್ಟರೆ ನಡೆಯಲು ಹಗುರ ಎಂದಷ್ಟೇ ಹೇಳಿದೆ. ತೋಡಿನ ವ್ಯಾಜ್ಯ ಇಂದಿಗೂ ತೀರಿಲ್ಲ. ಆದರೆ ಹುಡುಗಿಯರಿಬ್ಬರೂ ಈಗ ಶಾಲೆಯ ಬಸ್ಸಿಗೆ ಒಂದೇ ಕೊಡೆಯಲ್ಲಿ ಹೋಗುತ್ತಾರೆ.

ನೂಲ ಹುಣ್ಣಿಮೆ ಕಳೆದು ಒಂದು ಚಾಂದ್ರಮಾಸಕ್ಕೆ ಭಾದ್ರಪದದ ಹುಣ್ಣಿಮೆ. ಅದರ ಮರುದಿನ, ದಶಲಕ್ಷಣ ಪರ್ವದ ತರುವಾಯ, ಕ್ಷಮಾವಣಿ. ಬಸದಿಗಳ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿ. ನೂಲ ಹುಣ್ಣಿಮೆಯಂದು ಚಂದ್ರಶಾಲೆಯಲ್ಲಿ ಹತ್ತಿಯ ದಾರದ ಕೆಲವು ಲಡಿಗಳನ್ನಿಟ್ಟು, ಮಕ್ಕಳಿಗೆ ಒಂದೊಂದು ಎಳೆ ಹೊಸೆಯಲು ಕಲಿಸಿರಿ. ಕ್ಷಮಾವಣಿಯ ದಿನ, ಮಾತು ಬಿಟ್ಟವರಿಗೆ ಅದನ್ನು ಕೊಡಲಿ. ಒಂದು ತಿಂಗಳ ಅವಧಿ ದಾರಕ್ಕೆ ಹೆಚ್ಚಾಯಿತು, ಮನಸ್ಸಿಗೆ ಅಷ್ಟು ಬೇಕಾದೀತು. ಮಕ್ಕಳ ಜೊತೆಗೆ ಹಿರಿಯರೂ ಒಂದೊಂದು ಎಳೆ ಕೈಗೆತ್ತಿಕೊಂಡರೆ ಇನ್ನೂ ಒಳ್ಳೆಯದು.