ಪರದೆಯ ಹಿಂದೆ ಚುರುಕಾಗುವ ಬುದ್ಧಿ

ಕೊಪ್ಪಳ ತಾಲ್ಲೂಕಿನ ಹಿಟ್ನಾಳದ ಸೀಮೆಯವರಿಗೆ 2025ರ ಪದ್ಮಶ್ರೀ ಪಟ್ಟಿ ಹಿಗ್ಗು ತಂದಿತು. ಇದೇ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಅದರಲ್ಲಿತ್ತು. ಆಗ ಅವರಿಗೆ 96 ವರ್ಷ. ಎಲ್ಲರೂ ವಯಸ್ಸನ್ನು ಕೊಂಡಾಡಿದರು. ಈ ಆಟ ಬುದ್ಧಿಗೆ ಏನೇನು ಕೆಲಸ ಕೊಡುತ್ತದೆಂಬ ಮಾತು ಮಾತ್ರ ಬರಲಿಲ್ಲ. ರಾಮಾಯಣ, ಮಹಾಭಾರತದ ಪ್ರಸಂಗ ನೆನಪಿನಲ್ಲಿರಬೇಕು, ಕೈಯಲ್ಲಿ ಗೊಂಬೆ ಆಡಬೇಕು, ತಾಳ ತಪ್ಪದೆ ಹಾಡಬೇಕು, ಒಬ್ಬರೇ ಹಲವರ ದನಿಯಲ್ಲಿ ಮಾತಾಡಬೇಕು. ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದರೆ ಇನ್ನೂ ಕಷ್ಟ, ಇನ್ನೂ ಸೊಗಸು. ಅವರ ಮಾತು ಬರೆದಿಟ್ಟದ್ದಲ್ಲ. ಆ ಊರಿನ ಜಗಳ, ಆ ವರ್ಷದ ಮಳೆ, ಎದುರಿಗೆ ಕೂತವರ ನಗು, ಎಲ್ಲಕ್ಕೂ ಅಲ್ಲೇ ಉತ್ತರ ಹುಟ್ಟಬೇಕು. ಹೀಗಿರುವಾಗ ಧ್ವನಿಮುದ್ರಣ ಹಚ್ಚಿ ಗೊಂಬೆ ಅಲ್ಲಾಡಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮುದ್ರಿತ ಕಿಳ್ಳೇಕ್ಯಾತ ಯಾರಿಗೂ ಉತ್ತರ ಕೊಡಲಾರ. ಹಾಡುವ ಹಿರಿಯರ ಕೆಲಸವನ್ನೇ ಕಿತ್ತುಕೊಂಡು ಕಲೆ ಉಳಿಸಿದೆವು ಎನ್ನುವುದು ತಪ್ಪು.

ಇಂಥ ಆಟ ಬುದ್ಧಿಯನ್ನು ಚುರುಕಾಗಿಡುತ್ತದೆ ಎಂದರೆ, ಒಬ್ಬರ ಉದಾಹರಣೆಯಿಂದ ಏನೂ ಸಾಬೀತಾಗದು, ಬುದ್ಧಿ ಗಟ್ಟಿಯಿದ್ದವರಷ್ಟೇ ಆಟ ಮುಂದುವರಿಸುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. 2003ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದು 75 ದಾಟಿದ 469 ಜನರನ್ನು ಗಮನಿಸಿತ್ತು. ಓದು, ಮಣೆಯಾಟ, ವಾದ್ಯ, ನೃತ್ಯ ರೂಢಿಯಿದ್ದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಇದೇ ಕಾರಣ ಎಂದು ಅದೂ ಸಾಧಿಸಲಾರದು. ಆದರೆ 2002ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ 2,832 ಹಿರಿಯರನ್ನು ಗುಂಪು ಮಾಡಿ ತರಬೇತಿ ಕೊಟ್ಟಾಗ, ಯಾವುದನ್ನು ಕಲಿಸಿದರೋ ಅದಷ್ಟೇ ಸುಧಾರಿಸಿತು. ನೆನಪಿನ ಅಭ್ಯಾಸ ನೆನಪಿಗೆ, ತರ್ಕದ್ದು ತರ್ಕಕ್ಕೆ. ಮೊಬೈಲಿನ ಅಂಕಿಯಾಟ ಕೊಟ್ಟು ಅಜ್ಜನನ್ನು ಮೂಲೆಯಲ್ಲಿ ಕೂರಿಸಿದರೆ ಅವರು ಅಂಕಿಯಾಟದಲ್ಲಿ ಜಾಣರಾದಾರು. ಮಾತು, ಕಥೆ, ಜನರ ಒಡನಾಟ ಉಳಿಯಬೇಕೆಂದರೆ ಅವನ್ನೇ ಬಳಸಬೇಕು.

ಹಾಡಿದರೆ ಕಾಯಿಲೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮರೆವು ಬಂದವರು ಸೋಮಾರಿಗಳೂ ಅಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಹೆಸರಿಸಿದ, ಮರೆವಿನ ಕಾಯಿಲೆಯ 14 ಅಪಾಯಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಮಂದದೃಷ್ಟಿ, ಒಂಟಿತನ ಎಲ್ಲ ಇವೆ. ಕಿವಿ ಕೇಳದವರಿಗೆ ತಾಳ ಎಲ್ಲಿಂದ ಸಿಕ್ಕೀತು? ಮನೆಯ ಹಿರಿಯರ ಕಿವಿ ತೋರಿಸಿ, ಕಣ್ಣಿನ ಪೊರೆ ತೆಗೆಸಿ, ಬಿ.ಪಿ. ನೋಡಿಸಿ. ಆಮೇಲೆ ಅವರಿಂದ ಒಂದು ಕಥೆ ಕೇಳಿ, ಮುಗಿಯುವವರೆಗೂ ಎದ್ದು ಹೋಗಬೇಡಿ.