ಎಷ್ಟು ದೂರ?

ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಕೂಡಲೇ ಉತ್ತರ ಹೇಳುವುದಿಲ್ಲ. ಯಾವ ಅಳತೆಯಲ್ಲಿ ಎಂದು ಮರುಪ್ರಶ್ನೆ ಹಾಕುತ್ತೇನೆ. ಇದು ನನ್ನ ಮೊಂಡುತನವೆಂದು ಮನೆಯವರ ಮತ. ಆದರೆ ಅಣ್ಣನ ಮಗ ಆ ಊರಿನಲ್ಲಿ ನೆಲಸಿ ಇಷ್ಟು ವರ್ಷವಾದ ಮೇಲೆ, ಅಳತೆ ಒಂದೇ ಅಲ್ಲ ಎಂಬುದು ನನಗೆ ಖಚಿತವಾಗಿದೆ.

ಗೋಡೆಯ ಭೂಪಟವನ್ನು ನಂಬಿದರೆ ಬೆರಳು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಎಲ್ಲವನ್ನೂ ದಾಟಿ ಪಶ್ಚಿಮಕ್ಕೆ ಓಡುತ್ತದೆ. ಆದರೆ ಭೂಪಟ ಚಪ್ಪಟೆ, ಭೂಮಿ ದುಂಡು. ಮಕ್ಕಳ ಮೇಜಿನ ಮೇಲಿನ ಭೂಗೋಳದಲ್ಲಿ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಟಿಬೆಟ್, ಸೈಬೀರಿಯಗಳ ಮೇಲೆ ಉತ್ತರಕ್ಕೆ ಏರಿ ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಆ ದಾರಿಯ ಉದ್ದ ಸುಮಾರು 14,000 ಕಿಲೋಮೀಟರು. ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾಯ್ದರೂ ಹೆಚ್ಚಾಗುವುದು 400 ಕಿಲೋಮೀಟರಿನೊಳಗೆ. 2021ರ ಜನವರಿಯಲ್ಲಿ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರಾದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಆ ಧ್ರುವದ ದಾರಿಯಲ್ಲೇ, ನಡುವೆ ಎಲ್ಲಿಯೂ ಇಳಿಸದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ತಂದರು.

ಇನ್ನು ಗಡಿಯಾರದ ಚೋದ್ಯ. ಅಲ್ಲಿ ಶನಿವಾರ ರಾತ್ರಿ ಹತ್ತಿದವರು ಇಲ್ಲಿ ಸೋಮವಾರ ಬೆಳಗಿನ ಜಾವ ಇಳಿದರು. ಭಾನುವಾರವೆಂಬುದು ಆಕಾಶದಲ್ಲೇ ಕರಗಿಹೋಯಿತು! ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದೇ ಇದಕ್ಕೆ ಕಾರಣ. ಇಲ್ಲಿಂದ ನೇರವಾಗಿ ಹಾರಿ ಹೋಗುತ್ತಿದ್ದವನಿಗೆ ಆ ಸಾಲ ತೀರುತ್ತಿತ್ತು: ಮಧ್ಯಾಹ್ನ ಹೊರಟವನು ಅದೇ ದಿನ ಸಂಜೆ ಅಲ್ಲಿರುತ್ತಿದ್ದ.

ಈ ಲೆಕ್ಕಗಳೆಲ್ಲ ವಿನೋದವಾಗಿದ್ದುದು ಎರಡು ವರ್ಷದ ಹಿಂದಿನ ಮಾಘದವರೆಗೆ. ಆಗ ಅಣ್ಣ ಸಾಗರದಲ್ಲಿ ತೀರಿಕೊಂಡ. ನಮಗೆ ಬೆಳಗಿನ ಆರು ಗಂಟೆ; ಮಗನಿಗೆ ಹಿಂದಿನ ದಿನದ ಸಂಜೆ ನಾಲ್ಕೂವರೆ. ಅವನು ಅಳಲಿಲ್ಲ. “ಚಿಕ್ಕಪ್ಪ, ಎಷ್ಟು ಹೊತ್ತು ಕಾಯುತ್ತೀರಿ?” ಎಂದ. ನಾನು ಕಾಗದದ ಮೇಲೆ ಕೂಡಿದೆ: ಟಿಕೆಟು ಸಿಕ್ಕುವುದಕ್ಕೆ, ನಿಲ್ದಾಣ ಸೇರುವುದಕ್ಕೆ, ಹಾರುವುದಕ್ಕೆ, ಮೇಲೆ ಬೆಂಗಳೂರಿನಿಂದ ಸಾಗರಕ್ಕೆ ಕಾರಿನಲ್ಲಿ ಏಳೆಂಟು ಗಂಟೆ. ಎಷ್ಟು ಒತ್ತಿ ಹಿಡಿದರೂ ಮೊತ್ತ ಒಂದೂವರೆ ದಿನಕ್ಕಿಂತ ಕೆಳಗಿಳಿಯಲಿಲ್ಲ. ಅತ್ತಿಗೆ ಒಳಗಿನಿಂದಲೇ, “ಅವರನ್ನು ಕಾಯಿಸುವುದು ಬೇಡ. ಅವನು ನಿಧಾನವಾಗಿ ಬರಲಿ” ಎಂದರು. ಮಧ್ಯಾಹ್ನ ಕೊಳ್ಳಿ ಇಟ್ಟವನು ನಾನು.

ಹಿಂದೆ ಹಡಗಿನಲ್ಲಿ ಪರದೇಶಕ್ಕೆ ಹೋದವನಿಗಾಗಿ ಯಾರೂ ಕಾಯುತ್ತಿರಲಿಲ್ಲ. ವಾರಗಟ್ಟಲೆಯ ಪ್ರಯಾಣವೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಆಸೆಯೇ ಹುಟ್ಟುತ್ತಿರಲಿಲ್ಲ. ವಿಮಾನ ದೂರವನ್ನು ಕಡಿಮೆ ಮಾಡಿತು, ನಿಜ; ಇನ್ನೇನು ಮುಟ್ಟಬಹುದಿತ್ತಲ್ಲ ಎಂಬ ಹೊಸದೊಂದು ಸಂಕಟವನ್ನೂ ಜೊತೆಗೆ ತಂದಿತು.

ಆದರೂ ವಿಮಾನವನ್ನು ನಾನು ಹಳಿಯಲಾರೆ. ಹುಡುಗ ಮೂರನೆಯ ದಿನ ಬಂದು ಅಸ್ಥಿಸಂಚಯಕ್ಕೆ ನಿಂತ. ಕೈಯಿಟ್ಟಾಗ ಬೂದಿ ಒಳಗೆ ಇನ್ನೂ ಬೆಚ್ಚಗಿತ್ತು ಎಂದು ಸಂಜೆ ತಾಯಿಗೆ ಹೇಳಿದ. ಅಷ್ಟಕ್ಕಾದರೂ ಅವನು ಮುಟ್ಟಿದ.